ಒಂದು ಗಂಟೆ ಯಾರೂ ಏನೂ ಮುಟ್ಟಬಾರದು

ಅರವತ್ತರ ದಶಕದ ಆರಂಭದ ವರ್ಷಗಳಲ್ಲಿ, ನಾನು ಪ್ರಯಾಣಿಕರ ವಿಮಾನದಲ್ಲಿ ಸಹಚಾಲಕನಾಗಿದ್ದಾಗ, ಅಮೃತಹಳ್ಳಿಯ ನಮ್ಮ ಮನೆಯ ಮುಂದೆ ಬೆಳಗಿನ ಐದು ಗಂಟೆಗೆ ಕಂಪನಿಯ ವ್ಯಾನು ಬಂದು ನಿಲ್ಲುತ್ತಿತ್ತು. ಡ್ರೈವರು ಮೂರು ಸಲ ಹಾರನ್ ಹೊಡೆಯುತ್ತಿದ್ದ. ಮೊದಲನೆಯದಕ್ಕೆ ನಾಯಿಗಳು ಏಳುತ್ತಿದ್ದವು, ಎರಡನೆಯದಕ್ಕೆ ಊರು ಏಳುತ್ತಿತ್ತು, ಮೂರನೆಯದಕ್ಕೆ ನಾನು. ನನಗೆ ರಜೆ ಇದ್ದ ದಿನ ಅರ್ಧ ಊರು ಹೊಲಕ್ಕೆ ತಡವಾಗಿ ಹೋಗುತ್ತಿತ್ತು ಎಂದು ನಮ್ಮಪ್ಪ ಹೇಳುತ್ತಿದ್ದ.

ಬಿಳಿ ಷರಟು, ಹೆಗಲ ಮೇಲೆ ಎರಡು ಪಟ್ಟಿ, ತಲೆಗೆ ಟೋಪಿ ಹಾಕಿಕೊಂಡು ನಾನು ವ್ಯಾನು ಹತ್ತುವುದನ್ನು ನೋಡಿದ ಅನೇಕರು ನನ್ನನ್ನು ಯಲಹಂಕ ಜಂಕ್ಷನ್ನಿನ ಟಿಕೆಟ್ ಕಲೆಕ್ಟರ್ ಎಂದೇ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ವಿಮಾನ ಎಂದರೆ ನಮ್ಮ ಕಡೆಯವರಿಗೆ ಅಂಥ ದೊಡ್ಡ ವಿಷಯವೂ ಆಗಿರಲಿಲ್ಲ. ನಮ್ಮ ರಾಗಿ ಹೊಲದ ಆಚೆಗೇ ಜಕ್ಕೂರಿನ ಮೈದಾನ. ಅಲ್ಲಿ ಕಲಿಯುವವರ ಪುಟ್ಟ ವಿಮಾನಗಳು ದಿನವಿಡೀ ಏರುತ್ತ ಇಳಿಯುತ್ತ ಇರುತ್ತಿದ್ದವು. ಕಳೆ ಕೀಳುವ ಹೆಂಗಸರು ತಲೆ ಎತ್ತಿ ನೋಡುವುದನ್ನೂ ಬಿಟ್ಟಿದ್ದರು. ನಾನು ಆ ಮೈದಾನದ ಬೇಲಿಯ ಈಚೆ ಹುಟ್ಟಿ, ಬೇಲಿ ದಾಟಿ ಆಚೆ ಹೋಗಿ ಹಾರಲು ಕಲಿತವನು. ನನ್ನ ಒಟ್ಟು ಸಾಧನೆ ಅಳತೆ ಮಾಡಿದರೆ ಎರಡು ಫರ್ಲಾಂಗು.

ವ್ಯಾನು ಮುಂದೆ ಹೆಬ್ಬಾಳದಲ್ಲಿ ನಿಲ್ಲುತ್ತಿತ್ತು. ಕೆರೆಯ ಹತ್ತಿರದ ಹಂಚಿನ ಮನೆಯಿಂದ ನಮ್ಮ ಕ್ಯಾಪ್ಟನ್ ಹೊರಗೆ ಬರುತ್ತಿದ್ದರು. ದೊಡ್ಡ ಮೈಕಟ್ಟು, ದಪ್ಪ ಮೀಸೆ, ಮೂಗಿನ ಬಲ ಹೊಳ್ಳೆಯ ಕೆಳಗೆ ಯಾವಾಗಲೂ ಒಂದಿಷ್ಟು ನಶ್ಯದ ಪುಡಿ. ಯುದ್ಧದ ಕಾಲದಲ್ಲಿ ಬರ್ಮಾದ ಕಾಡುಗಳ ಮೇಲೆ ಸೈನ್ಯಕ್ಕೆ ಅಕ್ಕಿ, ಮದ್ದುಗುಂಡು ಸಾಗಿಸಿದ ಮನುಷ್ಯ. ಒಮ್ಮೆ ಒಂದು ಇಂಜಿನ್ ನಿಂತು, ಇನ್ನೊಂದು ಕೆಮ್ಮುತ್ತಿದ್ದಾಗ ಗದ್ದೆಯಲ್ಲಿ ವಿಮಾನ ಇಳಿಸಿ, ಇಳಿದ ಮೇಲೆ ನಶ್ಯದ ಡಬ್ಬಿ ಹುಡುಕಿಕೊಂಡವರು ಎಂದು ನಮ್ಮಲ್ಲಿ ಕತೆ ಇತ್ತು. ಕೇಳಿದರೆ, "ಗದ್ದೆ ಅಲ್ಲ ಕಣಯ್ಯಾ, ಬಾಳೆ ತೋಟ" ಎಂದಷ್ಟೇ ತಿದ್ದುತ್ತಿದ್ದರು.

ಬೆಂಗಳೂರಿನ ಪೂರ್ವದ ತುದಿಯಲ್ಲಿದ್ದ ವಿಮಾನ ನಿಲ್ದಾಣ ಸೇರಿದ ಮೇಲೆ ನಮ್ಮ ನಿಜವಾದ ಕೆಲಸ ಶುರುವಾಗುತ್ತಿತ್ತು. ಅದು ಸಹಿ ಹಾಕುವುದು. ಹವಾಮಾನದ ಕಚೇರಿಯಲ್ಲಿ ಒಂದು ಸಹಿ. ಅಲ್ಲಿನ ಗುಮಾಸ್ತರು ಪ್ರತಿದಿನ "ಸಾಧಾರಣ" ಎಂದೇ ಬರೆದಿಡುತ್ತಿದ್ದರು. ಹೊರಗೆ ಗುಡುಗು ಸಿಡಿಲು ಇದ್ದರೂ "ಸಾಧಾರಣ." ಪೆಟ್ರೋಲಿನಲ್ಲಿ ನೀರು ಸೇರಿಲ್ಲ ಎಂದು ಒಂದು ಸಹಿ. ಸಾಮಾನಿನ ತೂಕಕ್ಕೆ ಒಂದು. ಪ್ರಯಾಣಿಕರ ತೂಕಕ್ಕೆ ಇನ್ನೊಂದು. ಅದರ ಬಗ್ಗೆ ಜಗಳವೂ ಆಗುತ್ತಿತ್ತು, ಏಕೆಂದರೆ ತಕ್ಕಡಿಯ ಮೇಲೆ ನಿಂತು ತಮ್ಮ ತೂಕವನ್ನು ನಾಲ್ಕು ಜನರ ಮುಂದೆ ಕೂಗಿಸಿಕೊಳ್ಳಲು ಯಾವ ಜಮೀನ್ದಾರರೂ ಒಪ್ಪುತ್ತಿರಲಿಲ್ಲ. ಇಷ್ಟೆಲ್ಲ ಮುಗಿದ ಮೇಲೆ, ಮಧ್ಯೆ ಸ್ವಲ್ಪ ಸಮಯ ಸಿಕ್ಕಿದರೆ, ನಾವು ವಿಮಾನ ಹಾರಿಸುತ್ತಿದ್ದೆವು. ಹೆಚ್ಚಾಗಿ ಹೈದರಾಬಾದಿಗೆ ಹೋಗಿ ಬರುವ ಸರದಿ. ಎರಡು ಇಂಜಿನ್ನಿನ ಹಳೆಯ ಡಕೋಟಾ. ಯುದ್ಧ ಮುಗಿಸಿ ಬಂದು ಪ್ರಯಾಣಿಕರನ್ನು ಹೊರಲು ಶುರು ಮಾಡಿದ್ದು, ನಮ್ಮ ಕ್ಯಾಪ್ಟನ್ನರ ಹಾಗೆಯೇ.

ಆ ವಿಮಾನದ ಮುಂಭಾಗದಲ್ಲಿ, ನಮ್ಮಿಬ್ಬರ ಮಧ್ಯದ ಫಲಕದಲ್ಲಿ, ಒಂದು ಆಟೋ ಪೈಲಟ್ ಇತ್ತು. ಹುಟ್ಟಿದಾಗಿನಿಂದಲೂ ಇತ್ತು. ಆದರೆ ಎಷ್ಟೋ ವರ್ಷಗಳಿಂದ ಕೆಟ್ಟು ಕೂತಿತ್ತು. ಅದರ ಮೇಲೆ ನಾವು ಕಾಫಿ ಲೋಟ ಇಡುವ ಜಾಗವೊಂದನ್ನು ಕಂಡುಕೊಂಡಿದ್ದೆವು. ಹೀಗಿರುವಾಗ ದೆಹಲಿಯ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಚಾಲಕರ ಆಯಾಸ ಕಡಿಮೆ ಮಾಡುವ ಸಲುವಾಗಿ ಎಲ್ಲ ವಿಮಾನಗಳ ಆಟೋ ಪೈಲಟ್ಟುಗಳನ್ನೂ ದುರಸ್ತಿ ಮಾಡಿಸತಕ್ಕದ್ದು. ದುರಸ್ತಿಯಾದ ಮೇಲೆ ಕಡ್ಡಾಯವಾಗಿ ಉಪಯೋಗಿಸತಕ್ಕದ್ದು. ಉಪಯೋಗಿಸಿದ್ದನ್ನು ಮೂರು ಪ್ರತಿಗಳಲ್ಲಿ ಬರೆದು ಕಳಿಸತಕ್ಕದ್ದು. ಆಯಾಸ ಕಡಿಮೆಯಾಯಿತೇ ಎಂದು ಕೇಳುವ ಕಾಲಂ ಆ ಫಾರಮ್ಮಿನಲ್ಲಿ ಇರಲಿಲ್ಲ.

ದುರಸ್ತಿಯಾಗಿ ಬಂದ ಯಂತ್ರ ಮಾತ್ರ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅದರ ಒಳಗೆ ಬುಗುರಿಯ ಹಾಗೆ ರಭಸದಿಂದ ತಿರುಗುವ ಚಕ್ರಗಳಿದ್ದವು. ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದಲ್ಲ, ಅದೇ ಬಲದಿಂದ ಅದು ವಿಮಾನವನ್ನು ಹಿಡಿದ ದಿಕ್ಕಿನಲ್ಲಿ ನಡೆಸುತ್ತಿತ್ತು. ಒಂದೇ ಒಂದು ದೋಷ. ಬುಗುರಿ ಮೆಲ್ಲಗೆ ಜಾರುತ್ತದೆ. ಹಾಗಾಗಿ ಕಾಲು ಗಂಟೆಗೊಮ್ಮೆ ಗಾಜಿನ ಹತ್ತಿರ ತೂಗುವ ಹಳೆಯ ದಿಕ್ಸೂಚಿಯನ್ನು ನೋಡಿ, ಅದಕ್ಕೆ ಸರಿಯಾಗಿ ಈ ಯಂತ್ರದ ಗುಂಡಿಯನ್ನು ತಿರುಗಿಸಿ ಹೊಂದಿಸಬೇಕು. ಇಲ್ಲದಿದ್ದರೆ ಯಂತ್ರ ಅತ್ಯಂತ ನಂಬಿಕೆಯಿಂದ, ಒಂದಿಷ್ಟೂ ಅಲುಗಾಡದೆ, ತಪ್ಪು ದಿಕ್ಕಿಗೆ ಕರೆದುಕೊಂಡು ಹೋಗುತ್ತದೆ. ಯಂತ್ರದ ಜೊತೆಗಿನ ಮೂಲ ಪುಸ್ತಕದಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆದಿತ್ತು. ಪುಸ್ತಕದಿಂದ ಸುತ್ತೋಲೆಗೆ ಇಳಿಸಿದವರು ಯಾರೋ ಆ ಸಾಲನ್ನು ಬಿಟ್ಟಿದ್ದರು.

ಸುದ್ದಿ ಊರಿಗೂ ಮುಟ್ಟಿತು. ಒಂದು ಸಂಜೆ ನಮ್ಮಪ್ಪ ಜಗಲಿಯ ಮೇಲೆ ಕೂತು ಕೇಳಿದ.

"ಇದೇನ್ಲಾ, ಇಮಾನ ತಾನೇ ಓಯ್ತದಂತೆ?"

"ಮೇಲಕ್ಕೆ ಹೋದ ಮೇಲೆ ತಾನೇ ಹೋಗ್ತದೆ ಕಣಪ್ಪ. ಏರಿಸೋದು, ಇಳಿಸೋದು ನಾವೇ."

"ನಮ್ಮೆತ್ತೂ ಅಂಗೇಯ. ಯಲಹಂಕದ ಸಂತೆಯಿಂದ ಬರುವಾಗ ನಾನು ಗಾಡೀಲಿ ಮಲಕ್ಕಂಬುಟ್ರೂ ಮನೆ ಮುಂದಕ್ಕೇ ತಂದು ನಿಲ್ಲಿಸ್ತವೆ. ಅವುಕ್ಕೆ ದಿಲ್ಲಿಯಿಂದ ಯಾರೂ ಕಾಗ್ದ ಬರ್ದಿರ್ಲಿಲ್ಲ."

ಕಾಲು ಗಂಟೆಗೊಮ್ಮೆ ಗುಂಡಿ ತಿರುಗಿಸುವುದೇ ನನ್ನ ಕೆಲಸ ಎಂದು ಹೇಳಲು ನಾಚಿಕೆಯಾಯಿತು.

ಕ್ಯಾಪ್ಟನ್ನರಿಗೆ ಆ ಯಂತ್ರ ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ 'ಅಳಿಯ' ಎಂದು ಹೆಸರಿಟ್ಟಿದ್ದರು. "ಅಳಿಯಂದಿರನ್ನ ಎಬ್ಬಿಸಯ್ಯಾ" ಎಂದರೆ ಚಾಲೂ ಮಾಡು ಎಂದರ್ಥ. ಮೊದಲ ವಾರ ಅದು ಕೆಲಸ ಮಾಡುವುದನ್ನು ಕೈಕಟ್ಟಿ ಕೂತು ಅನುಮಾನದಿಂದ ನೋಡಿದರು. ಎರಡನೆಯ ವಾರ ಪೇಪರ್ ಓದಲು ಶುರು ಮಾಡಿದರು. ಮೂರನೆಯ ವಾರಕ್ಕೆ ನಾವಿಬ್ಬರೂ ಉಪ್ಪಿಟ್ಟಿನ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಮನುಷ್ಯರ ಹಾಗೆ ಎರಡೂ ಕೈ ಬಳಸಿ ತಿನ್ನುತ್ತಿದ್ದೆವು. ಆದರೆ ಉಪ್ಪಿಟ್ಟಿನ ಮಧ್ಯೆಯೂ ಕಾಲು ಗಂಟೆಯಾದ ಕೂಡಲೇ ಅವರ ತೋರುಬೆರಳು ದಿಕ್ಸೂಚಿಯತ್ತ ಏಳುತ್ತಿತ್ತು. ನಾನು ಗುಂಡಿ ತಿರುಗಿಸುತ್ತಿದ್ದೆ. ಅದಕ್ಕೆ ಮಾತೇ ಬೇಕಾಗಿರಲಿಲ್ಲ.

ಹೀಗೆ ನಡೆಯುತ್ತಿದ್ದಾಗ ಆ ಸುತ್ತೋಲೆ ಬರೆದ ಅಧಿಕಾರಿಯೇ ಪರೀಕ್ಷೆಗೆ ಬರುತ್ತಾರೆ ಎಂದು ತಿಳಿಯಿತು. ಮೈಸೂರಿನವರೇ, ಆದರೆ ದೆಹಲಿಗೆ ಹೋಗಿ ಬಹಳ ವರ್ಷಗಳಾಗಿದ್ದವು. ಹಿಂದೆ ಯಾವಾಗಲೋ ಹಾರಿಸುತ್ತಿದ್ದರಂತೆ. ಆಮೇಲೆ ಕಾಗದದ ಕಡೆ ಬಡ್ತಿ ಸಿಕ್ಕಿತಂತೆ. ಅವರ ಬರವು ಎಲ್ಲರಿಗೂ ಒಂದು ವಿಷಯವಾದರೆ ನಮ್ಮಿಬ್ಬರಿಗೆ ಬೇರೆಯೇ ವಿಷಯ. ಕ್ಯಾಪ್ಟನ್ನರಿಗೆ ನಿವೃತ್ತಿಯ ವಯಸ್ಸು ಹತ್ತಿರ ಬಂದಿತ್ತು. ಒಂದು ವರ್ಷ ಹೆಚ್ಚಿಗೆ ಹಾರಲು ಅನುಮತಿ ಕೇಳಿ ಅರ್ಜಿ ಹಾಕಿದ್ದರು. ನಾನು ಸಹಚಾಲಕನಿಂದ ಕ್ಯಾಪ್ಟನ್ ಆಗಲು ಕಾಯುತ್ತಿದ್ದೆ. ಎರಡೂ ಫೈಲುಗಳು ಇದೇ ಅಧಿಕಾರಿಯ ಮೇಜಿನ ಮೇಲಿದ್ದವು.

ಅವರು ಬಂದ ದಿನ ಚಳಿಗಾಲದ ಒಂದು ಬೆಳಗು. ಹೈದರಾಬಾದಿಗೆ ಹೋಗುವಾಗ ಪ್ರಯಾಣಿಕರ ಮಧ್ಯೆ ಕೂತು ನಿದ್ದೆ ಮಾಡಿದರು. ವಾಪಸು ಬರುವಾಗ ನಮ್ಮ ಬೆನ್ನ ಹಿಂದಿನ ಮಡಿಸುವ ಕುರ್ಚಿಯ ಮೇಲೆ ಬಂದು ಕೂತರು. ತೆಳ್ಳಗಿನ ಮನುಷ್ಯ, ಚಿನ್ನದ ಬಣ್ಣದ ಕಟ್ಟಿನ ಕನ್ನಡಕ, ಜೇಬಿನಲ್ಲಿ ಎರಡು ಫೌಂಟನ್ ಪೆನ್ನು. ನಾವು ಏರಿ, ಸಮವಾಗಿ ಹಾರುವ ಎತ್ತರಕ್ಕೆ ಬಂದು, ಯಂತ್ರ ಚಾಲೂ ಮಾಡಿದ ಮೇಲೆ ಗಡಿಯಾರ ನೋಡಿ ಹೇಳಿದರು.

"ನೋಡೀಪ್ಪಾ, ಇನ್ನು ಒಂದು ಗಂಟೆ ಯಾರೂ ಏನೂ ಮುಟ್ಟಬಾರದು. ಈ ಯಂತ್ರದ ಸಾಮರ್ಥ್ಯ ಏನು ಅಂತ ನಾನು ವರದಿ ಬರೀಬೇಕು. ಮನುಷ್ಯರು ಮಧ್ಯೆ ಕೈ ಹಾಕಿದ್ರೆ ಸಾಮರ್ಥ್ಯ ಯಾರದು ಅಂತ ಗೊತ್ತಾಗೋದಿಲ್ಲ."

"ಆಗ್ಲಿ ಸರ್" ಎಂದರು ಕ್ಯಾಪ್ಟನ್. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಕಾಲು ಗಂಟೆಯಾಯಿತು. ಅಭ್ಯಾಸಬಲದಿಂದ ಕ್ಯಾಪ್ಟನ್ನರ ಬೆರಳು ಎದ್ದಿತು. ಅರ್ಧ ದಾರಿಯಲ್ಲಿ ತಡೆದು, ಅದೇ ಬೆರಳಿನಿಂದ ಮೀಸೆ ತೀಡಿಕೊಂಡರು. ನಾನು ಧೈರ್ಯ ಮಾಡಿ, "ಸರ್, ದಿಕ್ಸೂಚಿಗೆ ಒಂದ್ಸಲ ಹೊಂದಿಸ್ಬೇಕಾಗ್ತದೆ" ಎಂದೆ.

"ಸುತ್ತೋಲೆಯಲ್ಲಿ ಹಾಗಂತ ಇದೆಯೇನ್ರೀ?"

"ಸುತ್ತೋಲೆಯಲ್ಲಿ ಇಲ್ಲ ಸರ್. ಪುಸ್ತಕದಲ್ಲಿ..."

"ಸುತ್ತೋಲೆ ಬರೆದಿದ್ದು ನಾನು" ಎಂದು ನಕ್ಕರು. ಬಹಳ ಮೃದುವಾಗಿಯೇ ನಕ್ಕರು. ಆಮೇಲೆ ಯಂತ್ರಯುಗದ ಬಗ್ಗೆ ಮಾತಾಡತೊಡಗಿದರು. ಹೊರದೇಶಗಳಲ್ಲಿ ಮುಂದೆ ಚಾಲಕರೇ ಬೇಕಾಗುವುದಿಲ್ಲವಂತೆ. ಮನುಷ್ಯನಿಗೆ ಬೇಸರ ಬರುತ್ತದೆ, ಹಸಿವಾಗುತ್ತದೆ, ಮನೆಯ ಯೋಚನೆ ಬರುತ್ತದೆ. ಯಂತ್ರಕ್ಕೆ ಇವು ಯಾವುವೂ ಇಲ್ಲ. ನಾವು "ಹೌದು ಸರ್" ಎನ್ನುತ್ತಿದ್ದೆವು. ಇಂಜಿನ್ನಿನ ಸದ್ದಿನಲ್ಲಿ ಅವರ ಮಾತು ಕೇಳಿಸಬೇಕಾದರೆ ತಲೆ ಹಿಂದಕ್ಕೆ ತಿರುಗಿಸಬೇಕಿತ್ತು. ಹಾಗಾಗಿ ವಿಮಾನದ ಮುಂದೆ ಏನಿದೆ ಎಂದು ನೋಡುವವರು ಯಾರೂ ಇರಲಿಲ್ಲ. ಗಗನಸಖಿ ಕಾಫಿ ತಂದವಳು ಇಬ್ಬರು ಚಾಲಕರೂ ಹಿಂದಕ್ಕೆ ತಿರುಗಿ ಕೂತದ್ದನ್ನು ಕಂಡು ಲೋಟ ಕೊಡುವುದನ್ನು ಮರೆತು ಒಂದು ಗಳಿಗೆ ಮುಂದಿನ ಗಾಜನ್ನೇ ನೋಡಿದಳು.

ಅರ್ಧ ಗಂಟೆ, ಮುಕ್ಕಾಲು ಗಂಟೆ. ಕೆಳಗೆ ಮೋಡ ದಟ್ಟವಾಗಿ ಹಾಸಿತ್ತು, ನೆಲ ಕಾಣುತ್ತಿರಲಿಲ್ಲ. ಮೂಡಣ ಗಾಳಿ ನಮ್ಮನ್ನು ಪಡುವಣಕ್ಕೆ ತಳ್ಳುತ್ತಿತ್ತು; ಯಂತ್ರವೂ ಅದೇ ಕಡೆ ಜಾರುತ್ತಿತ್ತು. ನಮ್ಮಲ್ಲಿ ಇನ್ನೊಂದು ಸಾಧನವಿತ್ತು, ಬೆಂಗಳೂರಿನ ರೇಡಿಯೊ ಕೇಂದ್ರ ಯಾವ ದಿಕ್ಕಿಗಿದೆ ಎಂದು ತೋರಿಸುವ ಮುಳ್ಳು. ದಾರಿ ಸರಿಯಿದ್ದರೆ ಅದು ನೆಟ್ಟಗೆ ಮುಂದಕ್ಕೆ ನಿಲ್ಲಬೇಕು. ಅದು ಮೆಲ್ಲಮೆಲ್ಲಗೆ ಎಡಕ್ಕೆ ವಾಲುತ್ತ ಬಂತು. ನಾನು ಅದನ್ನು ಬೆರಳು ಮಾಡಿ ತೋರಿಸಿದೆ.

"ಆ ಮುಳ್ಳು ಮೋಡದ ಮಿಂಚಿಗೆಲ್ಲ ತಿರುಗುತ್ತೆ, ಗೊತ್ತಿಲ್ಲವೇ?" ಎಂದರು ಅಧಿಕಾರಿ. ಅದು ಸುಳ್ಳಲ್ಲ, ಕೆಲವು ಸಲ ತಿರುಗುವುದುಂಟು. ಆದರೆ ಅವತ್ತು ಎಲ್ಲೂ ಮಿಂಚು ಇರಲಿಲ್ಲ. "ಹೊಸದಾಗಿ ರಿಪೇರಿ ಆಗಿರೋದನ್ನ ನಂಬೋದು ಬಿಟ್ಟು ಹಳೇ ಮುಳ್ಳನ್ನ ನಂಬ್ತೀರಲ್ಲಪ್ಪಾ."

ನಾನು ಕ್ಯಾಪ್ಟನ್ನರ ಮುಖ ನೋಡಿದೆ. ಅವರು ಮುಳ್ಳನ್ನು ನೋಡುತ್ತಿದ್ದರು.

ಅಧಿಕಾರಿ ಹೇಳಿದ ಒಂದು ಗಂಟೆ ಮುಗಿದರೂ ಮಾತು ಮುಗಿದಿರಲಿಲ್ಲ. ಇನ್ನಷ್ಟು ಹೊತ್ತಾದ ಮೇಲೆ ಮುಂದೆ ಮೋಡದ ಮಧ್ಯದಿಂದ ಒಂದು ಬೆಟ್ಟದ ತಲೆ ಎದ್ದು ಕಂಡಿತು. ಅಧಿಕಾರಿ ಮಗುವಿನ ಹಾಗೆ ಸಂತೋಷಪಟ್ಟರು.

"ಅಗೋ! ನಂದಿ ಬೆಟ್ಟ! ಎಷ್ಟು ಸರಿಯಾದ ಹೊತ್ತಿಗೆ ಬಂತು ನೋಡಿ. ಯಾರೂ ಮುಟ್ಟಿಲ್ಲ, ಗೆರೆ ಎಳೆದ ಹಾಗೆ ಬಂದಿದೀವಿ" ಎಂದು ನೋಟ್‌ಬುಕ್ ತೆಗೆದು ಬರೆದುಕೊಳ್ಳಲು ಶುರು ಮಾಡಿದರು.

ಅದು ನಂದಿ ಬೆಟ್ಟವಾಗಿರಲಿಲ್ಲ. ನಂದಿಯ ತಲೆಯ ಮೇಲೆ ಮರಗಳಿವೆ, ಹಸಿರಿದೆ. ಇದು ಬೋಳು ಬಂಡೆ. ಒಂದೇ ಬಂಡೆ, ಅದರ ಮೈಮೇಲೆ ಹತ್ತಿಕೊಂಡು ಹೋದ ಕೋಟೆಯ ಗೋಡೆ. ನಮ್ಮಕ್ಕನನ್ನು ಮಧುಗಿರಿಗೆ ಕೊಟ್ಟಿತ್ತು. ಅವಳ ಮನೆಯ ಹಿತ್ತಲಲ್ಲಿ ನಿಂತು ಹಲ್ಲುಜ್ಜುವಾಗ ಎದುರಿಗೆ ಕಾಣುತ್ತಿದ್ದುದು ಇದೇ ಬಂಡೆ. ಬಾವನ ಜೊತೆ ಎರಡು ಸಲ ಹತ್ತಿ, ಎರಡು ಸಲವೂ ಮಂಡಿ ತರಚಿಕೊಂಡು ಇಳಿದಿದ್ದೆ. ಅಂದರೆ ನಾವು ದಾರಿಯಿಂದ ಅರವತ್ತು ಕಿಲೋಮೀಟರಿನಷ್ಟು ಪಡುವಣಕ್ಕೆ ಬಂದುಬಿಟ್ಟಿದ್ದೆವು.

"ನಂದಿ ದಾಟಿದ ಮೇಲೆ ಇಳಿಯೋಕೆ ಶುರು ಮಾಡ್ಬೇಕಲ್ಲ?" ಎಂದರು ಅಧಿಕಾರಿ, ಬರೆಯುವುದನ್ನು ನಿಲ್ಲಿಸದೆ.

ನಂದಿಯನ್ನು ದಾಟಿದ ಮೇಲೆ ಇಳಿಯುವುದು ಸರಿ, ಮುಂದೆ ಬಯಲು. ಮಧುಗಿರಿಯನ್ನು ದಾಟಿ ಅದೇ ದಿಕ್ಕಿನಲ್ಲಿ ಮೋಡದ ಒಳಗೆ ಇಳಿದರೆ ಮುಂದೆ ದೇವರಾಯನದುರ್ಗದ ಬೆಟ್ಟಗಳು. ಬೆನ್ನ ಹಿಂದೆ ಇಪ್ಪತ್ತಾರು ಜನ ಪ್ರಯಾಣಿಕರು, ಕಿವಿಗೆ ಹತ್ತಿ ಇಟ್ಟುಕೊಂಡು ಪೆಪ್ಪರ್‌ಮೆಂಟು ಚೀಪುತ್ತ ಕೂತಿದ್ದರು.

ಮುಂದಿನ ಒಂದು ನಿಮಿಷವನ್ನು ನಾನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಾನು ಬಾಯಿ ತೆರೆಯಲಿಲ್ಲ. ಕ್ಯಾಪ್ಟನ್ನರಿಗೆ ಗೊತ್ತಿದೆ, ಅವರೇ ಹೇಳಲಿ ಎಂದು ಕಾದೆ. ಕ್ಯಾಪ್ಟನ್ನರೂ ನನ್ನತ್ತ ನೋಡಿದರು. ಈ ಹುಡುಗ ಹೇಳಲಿ ಎಂದು ಅವರು ಕಾಯುತ್ತಿದ್ದರು ಎಂದು ಆಮೇಲೆ ತಿಳಿಯಿತು. ನನ್ನ ಕಣ್ಣ ಮುಂದೆ ಬಂದದ್ದು ದೇವರಾಯನದುರ್ಗ ಅಲ್ಲ, ಕ್ಯಾಪ್ಟನ್ ಆದರೆ ಸಿಗುವ ನಾಲ್ಕು ಪಟ್ಟಿಯ ಷರಟು. ವಿಮಾನದೊಳಗೆ ಕಾನೂನಿನ ಪ್ರಕಾರ ಕ್ಯಾಪ್ಟನ್ನರ ಮಾತೇ ಕೊನೆಯ ಮಾತು. ಆ ಅಧಿಕಾರಿಗೆ ಹಿಂದೆ ಕೂರುವ ಹಕ್ಕು ಬಿಟ್ಟರೆ ಇನ್ನೇನೂ ಇರಲಿಲ್ಲ. ಆದರೂ ಬರ್ಮಾದ ಬಾಳೆ ತೋಟದಲ್ಲಿ ವಿಮಾನ ಇಳಿಸಿದ್ದ ಆ ಕೈ ನಿಧಾನವಾಗಿ ಇಂಜಿನ್ನಿನ ಹಿಡಿಗಳ ಮೇಲೆ ಹೋಗಿ ಒಂದಿಂಚು ಹಿಂದಕ್ಕೆ ಎಳೆಯಿತು. ಇಂಜಿನ್ನಿನ ದನಿ ಇಳಿಯಿತು, ವಿಮಾನವೂ ಮೆಲ್ಲಗೆ ಇಳಿಯತೊಡಗಿತು.

ಆಗ ನನ್ನ ಬಾಯಿಂದ ಬಂದ ಮಾತೂ ಧೀರೋದಾತ್ತವಾದದ್ದೇನಲ್ಲ. "ಇದು ನಂದಿ ಅಲ್ಲ" ಎನ್ನಲು ಆಗಲಿಲ್ಲ. ಹೀಗೆಂದೆ:

"ಸರ್, ಸುತ್ತೋಲೆಯ ಒಂಬತ್ತನೇ ಅಂಶದ ಪ್ರಕಾರ, ಪ್ರತಿ ಹಾರಾಟದಲ್ಲಿ ಒಂದು ಸಲ ಯಂತ್ರವನ್ನ ಆಫ್ ಮಾಡಿ, ಅದು ಸರಿಯಾಗಿ ಬಿಟ್ಟುಕೊಡ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡ್ಬೇಕು. ಇನ್ನೂ ಮಾಡಿಲ್ಲ ಸರ್. ಇಳಿಯೋಕ್ಕೆ ಮುಂಚೆನೇ ಮಾಡ್ಬೇಕು ಅಂತ ಇದೆ."

ಅಧಿಕಾರಿ ತಲೆ ಎತ್ತಿದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. "ಓದಿದೀರಾ! ಒಂಬತ್ತನೇ ಅಂಶದವರೆಗೂ ಓದಿದೀರಾ!" ಎಂದರು. "ಮಾಡಿ, ಮಾಡಿ. ಖಂಡಿತಾ ಮಾಡಿ."

ಅವರ ಮಾತು ಮುಗಿಯುವ ಮೊದಲೇ ಕ್ಯಾಪ್ಟನ್ ಯಂತ್ರವನ್ನು ಆಫ್ ಮಾಡಿದ್ದರು. ವಿಮಾನ ತಿರುಗಿಸುವ ಚಕ್ರ ಕೈಗೆ ಬಂತು. ಇಂಜಿನ್ನಿನ ದನಿ ಮತ್ತೆ ಏರಿತು. "ಎರಡೂ ಕಡೆಗೆ ತಿರುಗಿಸಿ ನೋಡ್ಬೇಕು ಸರ್" ಎಂದು ಅವರೂ ಸೇರಿಸಿದರು. ಅದು ಯಾವ ಅಂಶದಲ್ಲೂ ಇರಲಿಲ್ಲ. ಎಡಕ್ಕೆ ಉದಾರವಾಗಿ ಒಂದು ತಿರುವು, ಬಲಕ್ಕೆ ಜಿಪುಣತನದಿಂದ ಒಂದು ತಿರುವು. ಮತ್ತೆ ಎಡಕ್ಕೆ, ಮತ್ತೆ ಚೂರು ಬಲಕ್ಕೆ. ನಾಲ್ಕೈದು ಸಲ ಹೀಗೆ ಆದ ಮೇಲೆ ಆ ಹಳೆಯ ಮುಳ್ಳು ನೆಟ್ಟಗೆ ಮುಂದಕ್ಕೆ ನಿಂತಿತು. ಕ್ಯಾಪ್ಟನ್ನರ ಕುತ್ತಿಗೆಯ ಹಿಂದೆ ಬೆವರು ಹರಿಯುತ್ತಿತ್ತು. ಅಧಿಕಾರಿ ಬರೆಯುತ್ತಲೇ ಇದ್ದರು.

ಯಲಹಂಕದ ಮೇಲೆ ಮೋಡ ಹರಿಯಿತು. ರೈಲಿನ ಹಳಿಗಳು ಕವಲೊಡೆಯುವುದು, ವಾಯುಪಡೆಯ ಮೈದಾನ, ಅದರಾಚೆ ಜಕ್ಕೂರು, ನಮ್ಮೂರಿನ ಹುಣಸೆ ಮರಗಳು, ಹೆಬ್ಬಾಳದ ಕೆರೆ ಒಂದರ ಹಿಂದೆ ಒಂದು ಬಂದವು. ಒಣಗಲು ಹರವಿದ್ದ ರಾಗಿಯ ಕಣಗಳೂ ಕಂಡವು. ಇಳಿದಾಗ ಹತ್ತು ನಿಮಿಷ ತಡವಾಗಿತ್ತು. "ಎದುರುಗಾಳಿ" ಎಂದು ಅಧಿಕಾರಿ ತಾವೇ ಕಾರಣ ಕೊಟ್ಟು, ತಾವೇ ಒಪ್ಪಿಕೊಂಡು, ಇಬ್ಬರ ಕೈಯನ್ನೂ ಕುಲುಕಿ ಹೋದರು.

ವಾಪಸು ಬರುವಾಗ ಕ್ಯಾಪ್ಟನ್ ಹೆಬ್ಬಾಳದಲ್ಲಿ ವ್ಯಾನಿನಿಂದ ಇಳಿದವರು ಒಳಗೆ ಹೋಗದೆ, ನನ್ನನ್ನೂ ಇಳಿಸಿಕೊಂಡು, ವ್ಯಾನು ಕಳಿಸಿಬಿಟ್ಟರು. ಕೆರೆಯ ಏರಿಯ ಮೇಲೆ ನಿಂತೆವು. ಎಮ್ಮೆಗಳು ಮೂಗು ಮಾತ್ರ ಹೊರಗೆ ಹಾಕಿಕೊಂಡು ನೀರಿನಲ್ಲಿದ್ದವು.

"ಅದು ಮಧುಗಿರಿ ಅಂತ ನಿನಗೆ ಗೊತ್ತಿತ್ತು."

"ಹೂಂ ಸರ್."

"ನನಗೂ ಗೊತ್ತಿತ್ತು." ನಶ್ಯದ ಡಬ್ಬಿ ತೆಗೆದು, ತೆರೆಯದೆ ಮತ್ತೆ ಜೇಬಿಗಿಟ್ಟುಕೊಂಡರು. "ಕೆಳಗಿಂದ ಗುಂಡು ಹೊಡೀತಿದ್ರೂ ಹೆದರಿದವನಲ್ಲ ಕಣಯ್ಯಾ ನಾನು. ಇವತ್ತು ಒಬ್ಬನ ಜೇಬಿನ ಪೆನ್ನಿಗೆ ಹೆದರಿಬಿಟ್ಟೆ. ಹಿಡಿ ಎಳೆದೆನಲ್ಲೋ. ಇಪ್ಪತ್ತಾರು ಜನ ಕೂರಿಸ್ಕೊಂಡು ಹಿಡಿ ಎಳೆದೆ."

ನಾನೂ ಒಂದು ನಿಮಿಷ ಸುಮ್ಮನಿದ್ದೆ ಎಂದೆ. ಅವರು ಸಮಾಧಾನ ಹೇಳಲಿಲ್ಲ. "ಹೌದು, ಇದ್ದೆ" ಎಂದರು.

ಮರುದಿನ ಅವರು ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದರು. ಯಂತ್ರ ಜಾರಿದ್ದು, ತಾವು ಸುಮ್ಮನಿದ್ದದ್ದು, ಅಧಿಕಾರಿ ಮಧುಗಿರಿಯನ್ನು ನಂದಿ ಎಂದದ್ದು, ಎಲ್ಲವನ್ನೂ. ಕೆಳಗೆ ತಮ್ಮ ಸಹಿ ಹಾಕಿ ಕಾಗದವನ್ನು ನನ್ನತ್ತ ತಳ್ಳಿದರು. ನಾನೂ ಸಹಿ ಹಾಕಿದೆ. ಆದರೆ ಓದಲು ಭೂತಗನ್ನಡಿ ಬೇಕಾಗುವಷ್ಟು ಸಣ್ಣದಾಗಿ ಹಾಕಿದೆ. ಕ್ಯಾಪ್ಟನ್ ಅದನ್ನು ನೋಡಿ, "ಇರುವೆ ಸತ್ತು ಬಿದ್ದ ಹಾಗಿದೆ. ಇನ್ನೊಂದ್ಸಲ ಹಾಕು" ಎಂದರು. ಹಾಕಿದೆ.

ಎರಡು ವಾರಕ್ಕೆ ದೆಹಲಿಯಿಂದ ಉತ್ತರ ಬಂತು: ತಮ್ಮ ವರದಿ ಸರಿಯಾದ ಫಾರಮ್ಮಿನಲ್ಲಿ ಇಲ್ಲವಾದ್ದರಿಂದ ಮೂರು ಪ್ರತಿಗಳಲ್ಲಿ ಮತ್ತೆ ಕಳಿಸತಕ್ಕದ್ದು. ಕಳಿಸಿದರು. ಮತ್ತೆ ಉತ್ತರ ಬಂತು: ಸದರಿ ಹಾರಾಟವು ತೃಪ್ತಿಕರವಾಗಿತ್ತೆಂದು ಪರೀಕ್ಷಾಧಿಕಾರಿಗಳು ಈಗಾಗಲೇ ವರದಿ ಸಲ್ಲಿಸಿರುವುದರಿಂದ, ಅದೇ ಹಾರಾಟದ ಬಗ್ಗೆ ಇನ್ನೊಂದು ವರದಿಯನ್ನು ಸ್ವೀಕರಿಸಲು ಅವಕಾಶವಿಲ್ಲ. ಕ್ಯಾಪ್ಟನ್ ಆ ಕಾಗದವನ್ನು ಜೋರಾಗಿ ಓದಿ, ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮೂರನೆಯ ಸಲ ಕಳಿಸಿದರು. ಅದಕ್ಕೆ ಉತ್ತರವೇ ಬರಲಿಲ್ಲ.

ಬಂದದ್ದು ಬೇರೆ ಮೂರು ಕಾಗದಗಳು. ಒಂದು, ಸುತ್ತೋಲೆಗೆ ತಿದ್ದುಪಡಿ. ಕಾಲು ಗಂಟೆಗೊಮ್ಮೆ ಯಂತ್ರವನ್ನು ದಿಕ್ಸೂಚಿಗೆ ಹೊಂದಿಸತಕ್ಕದ್ದು ಎಂದು ಒಂದು ಹೊಸ ಸಾಲು, ಕಾರಣ ಕೊಟ್ಟಿರಲಿಲ್ಲ. ಯಾರೋ ಆ ವರದಿಯನ್ನು ಕದ್ದು ಓದಿರಬೇಕು. ಎರಡನೆಯದು ಕ್ಯಾಪ್ಟನ್ನರಿಗೆ ಒಂದು ವರ್ಷ ಹೆಚ್ಚಿಗೆ ಹಾರುವ ಅನುಮತಿ. ಮೂರನೆಯದು ನನಗೆ: ಸುತ್ತೋಲೆಗಳನ್ನು ಶ್ರದ್ಧೆಯಿಂದ ಓದುವ ಚಾಲಕನೆಂದು ಮೆಚ್ಚುಗೆ ವ್ಯಕ್ತಪಡಿಸಿ, ಆಟೋ ಪೈಲಟ್ ಬಳಕೆಯ ಬಗ್ಗೆ ಉಳಿದವರಿಗೆ ಪಾಠ ಹೇಳುವ ಕೆಲಸಕ್ಕೆ ನನ್ನನ್ನು ನೇಮಿಸಿತ್ತು.

ಕ್ಯಾಪ್ಟನ್ ತಮ್ಮ ಕಾಗದ ಓದಿ ಮಡಿಸಿ ಜೇಬಿಗಿಟ್ಟರು. ಅನುಮತಿಗೆ ಬೇಕಾದ ವೈದ್ಯರ ಪರೀಕ್ಷೆಗೆ ಹೋಗಲೇ ಇಲ್ಲ. ನಿವೃತ್ತಿಯಾದ ಮರುವಾರವೇ ಜಕ್ಕೂರಿನ ಮೈದಾನಕ್ಕೆ ಬಂದು ಹೊಸಬರಿಗೆ ಪುಟ್ಟ ವಿಮಾನದಲ್ಲಿ ಹಾರಲು ಕಲಿಸತೊಡಗಿದರು. "ಇದರಲ್ಲಿ ಅಳಿಯಂದಿರಿಲ್ಲ. ಹಿಂದೆ ಕುರ್ಚಿ ಹಾಕೋಕ್ಕೂ ಜಾಗ ಇಲ್ಲ" ಎಂದರು. ಕಲಿಯುವವರಿಗೆ ಅವರು ಹಾಕುತ್ತಿದ್ದ ಮೊದಲ ಪರೀಕ್ಷೆ ವಿಚಿತ್ರವಾಗಿತ್ತಂತೆ. ಹಾರುತ್ತಿರುವಾಗ ಬೇಕೆಂದೇ ತಪ್ಪು ದಿಕ್ಕಿಗೆ ತಿರುಗಿಸಿ, ತಮ್ಮ ಯುದ್ಧದ ಕತೆ ಹೇಳುತ್ತ ಕೂರುತ್ತಿದ್ದರು. ಕತೆಯ ಮಧ್ಯೆ ಬಾಯಿ ಹಾಕಿ "ದಾರಿ ತಪ್ಪಿದೆ" ಎಂದವನು ಪಾಸು. ಕತೆ ಪೂರ್ತಿ ಕೇಳಿದವನು ಫೇಲು.

ನಾನು ಪಾಠ ಹೇಳಿದೆ. ಕ್ಯಾಪ್ಟನ್ನನೂ ಆದೆ. ನಾಲ್ಕು ಪಟ್ಟಿ ಬಂತು. ಊರಿನವರು ನಾನು ಸ್ಟೇಷನ್ ಮಾಸ್ತರನಾದೆ ಎಂದುಕೊಂಡರು.

ಕ್ಯಾಪ್ಟನ್ ಆಗಿ ಒಂದು ವರ್ಷ ಕಳೆದಿರಬಹುದು. ಅದೇ ದಾರಿ. ಪಕ್ಕದಲ್ಲಿ ಹೊಸ ಸಹಚಾಲಕ, ಯಶವಂತಪುರದ ಹುಡುಗ, ಬಹಳ ವಿನಯವಂತ. ಅವನಿಗೆ ನಾನು ನನ್ನ ಅನುಭವಗಳನ್ನು ಹೇಳುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ ಎಂದು ನನ್ನ ಅಭಿಪ್ರಾಯ. ಮಾತಿನ ಮಧ್ಯೆ ಗಮನಿಸಿದೆ, ಅವನ ಎಡಗೈ ಫಲಕದ ಮುಂದೆ ಗಾಳಿಯಲ್ಲಿ ನಿಂತಿತ್ತು. ಮುಂದಕ್ಕೂ ಹೋಗುತ್ತಿಲ್ಲ, ಹಿಂದಕ್ಕೂ ಬರುತ್ತಿಲ್ಲ. ಗಡಿಯಾರ ನೋಡಿದೆ. ಕಾಲು ಗಂಟೆ ಮುಗಿದು ಆರು ನಿಮಿಷವಾಗಿತ್ತು.

"ಯಾಕೋ ಹೇಳ್ಲಿಲ್ಲ?"

"ನೀವು ಮಾತಾಡ್ತಿದ್ರಿ ಸರ್."

"ನಾನು ಮಾತಾಡ್ತಿದ್ರೆ ನನ್ನ ಬಾಯಿ ಮುಚ್ಚಿಸು. ನಾನೇ ಹೇಳ್ತಿದೀನಿ. ಕ್ಯಾಪ್ಟನ್ ಆಗ್ಲಿ, ದೆಹಲಿಯವರಾಗ್ಲಿ, ಬಾಯಿ ಮುಚ್ಚಿಸು. ತಿಳೀತಾ?"

ಹುಡುಗ ಗುಂಡಿ ತಿರುಗಿಸಿ, ದಿಕ್ಸೂಚಿಗೆ ಹೊಂದಿಸಿದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ:

"ಅದನ್ನ ಬರೆದು ಕೊಡ್ತೀರಾ ಸರ್?"

ಬರೆದು ಕೊಟ್ಟೆ. ಅವನು ಓದಿ ನೋಡಿ, ಸಹಿಯ ಕೆಳಗೆ ತಾರೀಖು ಹಾಕಿಸಿಕೊಂಡ.